ಹಣ್ಣು ಕೋಲಾರದ್ದು, ಡಬ್ಬಿ ಚಿತ್ತೂರಿನದು!

ಶ್ರೀನಿವಾಸಪುರ ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ನಿಂತು ಮಾವಿನ ಜ್ಯೂಸ್ ಪೊಟ್ಟಣ ಹೀರುವವರು ಒಂದು ಕ್ಷಣ ಯೋಚಿಸಲಿ. ಅದರೊಳಗಿನ ತಿರುಳು ಇದೇ ತಾಲ್ಲೂಕಿನ ತೋಟದ್ದೇ ಇದ್ದೀತು. ಗಡಿ ದಾಟಿ, ಸಿಪ್ಪೆ-ಓಟೆ ಕಳೆದುಕೊಂಡು, ಡಬ್ಬಿ ಸೇರಿ ವಾಪಸ್ ಬಂದದ್ದಿರಬಹುದು!

ತೋತಾಪುರಿಯ ಹಣೆಬರಹವೇ ಅಷ್ಟು. ಬಾದಾಮಿ, ರಸಪುರಿಯಂತೆ ಇದನ್ನು ಬುಟ್ಟಿಯಲ್ಲಿಟ್ಟು ಮಾರೋದು ಕಷ್ಟ. ಕಾಯಿಗೆ ಉಪ್ಪು-ಖಾರ ಹಚ್ಚಿ ತಿನ್ನೋಕೇನೋ ಚೆನ್ನ; ರಾಶಿಗಟ್ಟಲೆ ಹಣ್ಣಿಗೆ ಫ್ಯಾಕ್ಟರಿಯೇ ಗತಿ. ದೇಶದ ಮಾವಿನ ಪಲ್ಪ್ ಕಾರ್ಖಾನೆಗಳ ಎರಡು ದೊಡ್ಡ ಗುಂಪು ಇರೋದು ಆಂಧ್ರದ ಚಿತ್ತೂರಿನಲ್ಲಿ, ತಮಿಳುನಾಡಿನ ಕೃಷ್ಣಗಿರಿಯಲ್ಲಿ. ಎರಡೂ ಕೋಲಾರದ ಮಗ್ಗುಲಲ್ಲೇ. ಕೋಲಾರದ ಪಾಲಿಗೆ ಬಂದದ್ದು ಲಾರಿಗೆ ಲೋಡು ತುಂಬುವ ಕೆಲಸ.

2025ರ ಜೂನ್ 7ರಂದು ಚಿತ್ತೂರು ಜಿಲ್ಲಾಧಿಕಾರಿ, ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಹೊರಡಿಸಿದರು. ಸುಗ್ಗಿಯ ನಟ್ಟನಡುವೆ ಗಡಿಯಲ್ಲಿ ಪೊಲೀಸು, ಕಂದಾಯದವರ ಕಾವಲು. ಜೂನ್ 11ರಂದು ಬೆಳೆಗಾರರು ಶ್ರೀನಿವಾಸಪುರ ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ಆಂಧ್ರಕ್ಕೆ ಪತ್ರ ಬರೆದರು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಸರಿ, ಆದರೆ ಹಣ ಕೊಟ್ಟಮಾತ್ರಕ್ಕೆ ಕೊಳೆಯೋ ಹಣ್ಣು ಡಬ್ಬಿಗೆ ಬೀಳೋದಿಲ್ಲವಲ್ಲ!

ಚಿತ್ತೂರಿನವರನ್ನು ಬೈದು ಫಲವಿಲ್ಲ. ಅಲ್ಲಿ ಕಿಲೋಗೆ 12 ರೂಪಾಯಿ ಗೊತ್ತಾಗಿತ್ತು: ಫ್ಯಾಕ್ಟರಿಯವರದು 8, ಸರ್ಕಾರದ್ದು 4. ಈಚೆಯಿಂದ ಅಗ್ಗದ ಹಣ್ಣು ನುಗ್ಗಿದರೆ ಅವರ ರೈತ ಕೆಡುತ್ತಾನೆ. ಅವರು ಅವರ ರೈತನನ್ನು ನೋಡಿಕೊಂಡರು. ವಿಧಾನಸೌಧದವರು ಇಷ್ಟು ವರ್ಷ ಯಾರನ್ನು ನೋಡ್ತಾ ಕೂತಿದ್ರು?

ಮಾವು ಮೂರು ತಿಂಗಳ ಬಾಬತ್ತು, ಉಳಿದ ಒಂಬತ್ತು ತಿಂಗಳು ಯಂತ್ರ ತುಕ್ಕು ಹಿಡಿಯುತ್ತೆ ಅನ್ನೋರುಂಟು. ಸ್ವಾಮಿ, ಕೋಲಾರದ ಟೊಮೆಟೊ ಮಂಡಿ ಕಂಡಿಲ್ಲವೇ? ಬೆಲೆ ಬಿದ್ದ ದಿನ ಕ್ರೇಟುಗಟ್ಟಲೆ ರಸ್ತೆಗೆ ಸುರಿಯೋದನ್ನು ಬಸ್ಸಿನ ಕಿಟಕಿಯಿಂದ ನೋಡದವರು ಯಾರು? ಮಾವು ಅರೆಯುವ ಫ್ಯಾಕ್ಟರಿಯಲ್ಲೇ ಜರಡಿ ಬದಲಿಸಿ ಟೊಮೆಟೊ, ಸೀಬೆ ಅರೆಯಬಹುದು. ಹಣ್ಣು ಆರಿಸೋಕೆ, ಕೊಯ್ಯೋಕೆ ನೂರಾರು ಕೈ ಬೇಕು. ಆ ಕೂಲಿ ಕೋಲಾರದ ಹೆಂಗಸರ ಸೆರಗಿಗೆ ಬಿದ್ದರೆ, ಶನಿವಾರ ಸಂಜೆ ಅದು ಖರ್ಚಾಗೋದು ಇಲ್ಲಿನ ದಿನಸಿ ಅಂಗಡಿಯಲ್ಲೇ. ವರ್ತಕರ ಸಂಘಗಳು ಈ ಲೆಕ್ಕ ಹಾಕಿ, ಮಾವು ಹೂ ಬಿಡೋ ಮೊದಲೇ ಬೆಳೆಗಾರರ ಜೊತೆ ಶಾಸಕರ ಮನೆ ಬಾಗಿಲಿಗೆ ಹೋಗಲಿ. ಸುಗ್ಗಿಯಲ್ಲಿ ಹೋದರೆ ಸಿಗೋದು ಇನ್ನೊಂದು ಪತ್ರ.