ಎಂಟು ಗಂಟೆ ಯಾರದು?

ಮೊಬೈಲ್ ಆಟ ಬಿಡಿರಿ ಎಂದು ಈ ವಾರ ನಾವು ಬರೆಯುತ್ತಿದ್ದೇವೆ. ಮಾಲೀಕರೂ ಇದನ್ನೇ ಹೇಳುತ್ತಾರೆ. ಆದರೆ ಅವರ ಕಾರಣ ಬೇರೆ, ನಮ್ಮ ಕಾರಣ ಬೇರೆ.

ರಾತ್ರಿಯೆಲ್ಲ ಆಡಿ ಬೆಳಿಗ್ಗೆ ಯಂತ್ರದ ಮುಂದೆ ತೂಕಡಿಸುತ್ತಾರೆ, ಉತ್ಪಾದನೆ ಇಳಿಯುತ್ತದೆ ಎಂಬುದು ಮಾಲೀಕರ ದೂರು. ನಿದ್ದೆಗೆಟ್ಟವನ ಕೈ ಯಂತ್ರಕ್ಕೆ ಸಿಕ್ಕೀತೆಂಬ ಚಿಂತೆ ಆ ದೂರಿನಲ್ಲಿಲ್ಲ. ಆಟ ಬಿಟ್ಟು ಉಳಿಸಿದ ಹೊತ್ತನ್ನೂ ತಮಗೇ ಕೊಡಬೇಕೆಂಬುದು ಅವರ ಆಸೆ.

ಈ ಬಿಡುವು ಯಾರೂ ದಾನ ಕೊಟ್ಟದ್ದಲ್ಲ. 1886ರ ಮೇ 1ರಂದು ಅಮೆರಿಕದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದರು. ಷಿಕಾಗೋ ನಗರದಲ್ಲಿ ರಕ್ತ ಹರಿಯಿತು. ಮರುವರ್ಷ ನಾಲ್ವರು ಗಲ್ಲಿಗೇರಿದರು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2023ರಲ್ಲಿ ಕರ್ನಾಟಕದ ಆಳುವವರು ಅದೇ ಕಾಯಿದೆಯನ್ನು ತಿದ್ದಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿದರು. ಹಗಲನ್ನು ಅವರು ಕಸಿಯುತ್ತಿರುವಾಗ ಇರುಳನ್ನು ನಾವೇ ಆಟದ ಕಂಪನಿಗೆ ಒಪ್ಪಿಸಬೇಕೆ?

ಆಟ ಪುಕ್ಕಟೆ ಎನ್ನುತ್ತಾರೆ. ಪುಕ್ಕಟೆ ಹಂಚಿ ಉಳಿದ ಅಂಗಡಿ ಯಾವುದೆಂದು ವ್ಯಾಪಾರಸ್ಥ ಬಂಧುಗಳೇ ಹೇಳಲಿ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಗೆಲ್ಲುವ ಹೊತ್ತಿಗೆ ಅಡ್ಡಿ, ಅಡ್ಡಿ ದಾಟಲು ದುಡ್ಡು. ದುಡ್ಡು ಕೊಡದವನ ಕಣ್ಣನ್ನು ಜಾಹೀರಾತಿನವರಿಗೆ ಮಾರುತ್ತಾರೆ. ದಿನಕ್ಕೆ ಎರಡು ಗಂಟೆ ಆಡಿದರೆ ವರ್ಷಕ್ಕೆ 730 ಗಂಟೆ. ವಾರಕ್ಕೆ 48ರಂತೆ ಲೆಕ್ಕ ಹಾಕಿರಿ: ಹದಿನೈದು ವಾರಗಳ ದುಡಿಮೆ! ಕೂಲಿಯಿಲ್ಲ, ಬೋನಸ್ಸಿಲ್ಲ, ರಜೆಯೂ ಇಲ್ಲ.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಒಳ್ಳೆಯದೇ. ಆದರೆ ಆಯುಷ್ಯ ಕಟ್ಟಿ ಆಡುವ ಆಟವನ್ನು ಯಾವ ಕಾಯಿದೆ ತಡೆದೀತು? ಅದನ್ನು ನಾವೇ ತಡೆಯಬೇಕು.

ದಣಿದವನಿಗೆ ಆಟ ಬೇಡವೆ ಎಂದು ಕೇಳುವಿರಿ. ಬೇಕು. ಆಟ ನಮ್ಮ ವೈರಿಯಲ್ಲ. ಚೌಕಾಬಾರ ಆಡಿದರೆ ಎದುರಿಗೆ ನೆರೆಯವನಿರುತ್ತಾನೆ; ಕಾಯಿ ಹಣ್ಣಾದರೆ ಆಟ ಮುಗಿಯುತ್ತದೆ. ಮೊಬೈಲಿನ ಆಟವನ್ನು ಮುಗಿಯದಂತೆಯೇ ಹೆಣೆದಿದ್ದಾರೆ. ನಾವೂ ಆಡಿದವರೇ, ಇನ್ನೊಂದೇ ಆಟ ಎನ್ನುತ್ತ ಕೋಳಿ ಕೂಗುವವರೆಗೆ ಕುಳಿತವರೇ. ಆದ್ದರಿಂದ ಬೈಯಲು ಬರೆಯುತ್ತಿಲ್ಲ.

ಇಂದು ರಾತ್ರಿ ಆ ಆಟವನ್ನು ಮೊಬೈಲಿನಿಂದ ತೆಗೆದುಹಾಕಿರಿ. ಉಳಿದ ಹೊತ್ತನ್ನು ಮಾಲೀಕನ ಓವರ್‌ಟೈಮಿಗೆ ಮಾರಬೇಡಿರಿ. ಮೊದಲು ನಿದ್ದೆ ಮಾಡಿರಿ. ಮಗುವಿನ ಪುಸ್ತಕ ಬಿಚ್ಚಿ ನೋಡಿರಿ. ಸಂಬಳದ ಚೀಟಿ ತೆಗೆದು ಪ್ರಾವಿಡೆಂಟ್ ಫಂಡಿನ ಲೆಕ್ಕ ತಾಳೆ ಮಾಡಿರಿ. ಅಂಗಡಿಯವರು ಸಾಲದ ಬಡ್ಡಿಯನ್ನು ತಾವೇ ಲೆಕ್ಕ ಹಾಕಿ ನೋಡಲಿ. ವಾರಕ್ಕೊಮ್ಮೆ ಸಂಘದ ಕೋಣೆಗೆ ಬನ್ನಿರಿ.

ತಲೆ ಬಗ್ಗಿಸಿ ಗಾಜಿನ ಮೇಲೆ ಬೆರಳಾಡಿಸುವ ಕಾರ್ಮಿಕನಿಂದ ಮಾಲೀಕನಿಗೆ ಏನೂ ಭಯವಿಲ್ಲ. ತಲೆ ಎತ್ತಿ ಲೆಕ್ಕ ಕೇಳುವವನೆಂದರೆ ಭಯ. ಆ ಎಂಟು ಗಂಟೆ ನಮ್ಮದು. ಹಿಂದಕ್ಕೆ ಪಡೆಯೋಣ.