ಮೂರು ದಿನದ ಒಪ್ಪಿಗೆ

ಪರಿಸರ ವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ವಾರ ಸಿಹಿಯೊಡನೆ ಮನೆಗೆ ಬಂದಿದ್ದ. ಕೆರೆನೀರಿನ ಕುರಿತ ಅವನ ಪ್ರಬಂಧವನ್ನು ಪತ್ರಿಕೆಯೊಂದು ಮೂರೇ ದಿನಗಳಲ್ಲಿ ಒಪ್ಪಿಕೊಂಡಿತಂತೆ, ಶುಲ್ಕವನ್ನೂ ಕಟ್ಟಿದ್ದಾನೆ. ಓದಿ ನೋಡಿದೆ. ನೀರನ್ನು ಯಾವ ತಿಂಗಳಲ್ಲಿ, ಕೆರೆಯ ಯಾವ ಭಾಗದಿಂದ, ಎಷ್ಟು ಆಳದಿಂದ ತೆಗೆದದ್ದೆಂಬ ವಿವರವೇ ಇಲ್ಲ! ಪರಿಶೀಲಕರು ಕೇಳಿದ್ದು ಅಕ್ಷರದ ಗಾತ್ರವನ್ನು ಮಾತ್ರವಂತೆ.

ಮಳೆಗಾಲದ ಕೆರೆ ಬೇಸಿಗೆಯ ಕೆರೆಯಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕ ಬೆಳಗ್ಗೆ ಇದ್ದಷ್ಟೇ ಮಧ್ಯಾಹ್ನ ಇರುವುದಿಲ್ಲ. ಇದನ್ನು ಕೇಳದವರು ಪರಿಶೀಲಕರಲ್ಲ, ವ್ಯಾಪಾರಿಗಳು. ನಾಳೆ ಯಾರಾದರೂ ಈ ಪ್ರಬಂಧವನ್ನೇ ನಂಬಿ ಆ ನೀರು ಶುದ್ಧವೆಂದು ಬರೆದರೆ, ಅದನ್ನು ಕುಡಿಯುವ ದನಕರುಗಳ ಗತಿಯೇನು?

ಪಿಎಚ್.ಡಿ.ಗೆ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲಿಯೇ ಕೈಬಿಟ್ಟಿತು. ತನ್ನ ಪತ್ರಿಕೆಗಳ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿತು. ಇನ್ನು ಪತ್ರಿಕೆಯನ್ನು ಆರಿಸುವ ವಿವೇಕ ನಮ್ಮಲ್ಲೇ ಇರಬೇಕು.

"ಹಿಂದಕ್ಕೆ ತೆಗೆದುಕೋ, ವರ್ಷವಿಡೀ ನೀರು ಸಂಗ್ರಹಿಸಿ ಮತ್ತೆ ಬರೆ" ಎಂದೆ. ಅವನ ಮುಖ ಸಣ್ಣದಾಯಿತು. ಆದರೂ ನನ್ನ ಶಿಷ್ಯರೆಲ್ಲರಿಗೂ ಅದೇ ಮಾತು: ಪ್ರಾಮಾಣಿಕ ಪತ್ರಿಕೆಯೊಂದು ಪ್ರಬಂಧವನ್ನು ಮರಳಿಸಿದರೆ ನಾಚಬೇಡಿ. ಅವರ ಪ್ರಶ್ನೆಗಳಿಗೆ ಕೆರೆಯ ದಂಡೆಗೆ ಹೋಗಿ ಉತ್ತರ ತನ್ನಿ.