ಓತಿಯ ಬೆನ್ನುಹತ್ತಿದವರು

ಕಾದಂಬರಿ ಓದುವುದೆಂದರೆ ಕಾಲಹರಣವೆಂಬ ಭಾವನೆ ನಮ್ಮ ಅನೇಕ ಭಕ್ತ ಕುಟುಂಬಗಳಲ್ಲಿ ಇಂದಿಗೂ ಉಂಟು. ವಚನಗಳಿರುವಾಗ ಕಟ್ಟುಕಥೆ ಏತಕ್ಕೆಂದು ಹಿರಿಯರು ಕೇಳುತ್ತಾರೆ. ಅಂಥವರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕೃತಿಯನ್ನು ಒಮ್ಮೆ ಓದಬೇಕು. 1980ರಲ್ಲಿ ಪ್ರಕಟವಾದ ಈ ಕಿರುಕಾದಂಬರಿ ಹೊರನೋಟಕ್ಕೆ ಸಾಹಸಕಥೆ. ಒಳಹೊಕ್ಕು ನೋಡಿದರೆ ತತ್ತ್ವಜಿಜ್ಞಾಸೆ.

ಹಾರುವ ಓತಿಯೊಂದನ್ನು ಅರಸಿ ಕೆಲವರು ಮಲೆನಾಡಿನ ದಟ್ಟ ಕಾಡನ್ನು ಹೊಗುತ್ತಾರೆ. ಕಥೆಯ ಎಳೆ ಇಷ್ಟೆ. ಅದಕ್ಕೆ ಬಲ ಬಂದಿರುವುದು ಹಾಗೆ ಹೊರಟವರಿಂದ. ಬೇಸಾಯದಿಂದ ಬೇಸತ್ತ ನಿರೂಪಕ, ವಿಜ್ಞಾನಿ ಕರ್ವಾಲೊ, ಛಾಯಾಗ್ರಾಹಕ ಪ್ರಭಾಕರ, ಮರ ಹತ್ತುವುದರಲ್ಲಿ ನಿಸ್ಸೀಮನಾದ ಕರಿಯಪ್ಪ, ‘ಕಿವಿ’ ಎಂಬ ನಾಯಿ. ಇವರೆಲ್ಲರ ನಡುವೆ ಮಂದಣ್ಣ. ಊರವರ ಕಣ್ಣಿಗೆ ಈತ ಕೆಲಸಕ್ಕೆ ಬಾರದ ಹುಡುಗ. ಆದರೆ ಜೇನಿನ ನಡೆ, ಹುಳುಹುಪ್ಪಟೆಗಳ ಬದುಕು, ಕಾಡಿನ ಒಳಗುಟ್ಟು ಅವನಿಗೆ ಗೊತ್ತು. ಓತಿಯನ್ನು ಮೊದಲು ಕಂಡವನೂ ಅವನೇ. ಲೇಖಕರು ಅವನನ್ನು ಸಂತನನ್ನಾಗಿ ಮಾಡಿಲ್ಲ. ಮದುವೆಯ ಹಂಬಲ, ಮೊಕದ್ದಮೆಯ ಪೇಚು ಎಲ್ಲವೂ ಅವನಿಗುಂಟು. ಆದುದರಿಂದಲೇ ಆ ಪಾತ್ರ ನಂಬುವಂತಿದೆ. ಕರ್ವಾಲೊ ಅವರ ಹಿರಿಮೆ ಅವರ ವಿದ್ವತ್ತಿಗಿಂತ ಮಿಗಿಲಾಗಿ, ಈ ಹುಡುಗನ ಅರಿವನ್ನು ಗುರುತಿಸಿ ಗೌರವಿಸಿದುದರಲ್ಲಿದೆ.

ತೇಜಸ್ವಿಯವರು ಶರಣರನ್ನು ನೆನೆದು ಇದನ್ನು ಬರೆದರೆಂದು ನಾನು ಹೇಳುತ್ತಿಲ್ಲ. ಆದರೂ ಈ ನೋಟ ನಮಗೆ ಹೊಸದಲ್ಲ. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಹಗ್ಗ ಹೊಸೆಯುವ ಚಂದಯ್ಯ ಇವರ ಅನುಭವಕ್ಕೆ 12ನೆಯ ಶತಮಾನದ ಕಲ್ಯಾಣ ಕಿವಿಗೊಟ್ಟಿತು. ಆ ಪರಂಪರೆಯ ವಾರಸುದಾರರೆನ್ನುವ ನಾವು ಇಂದು ಮನೆಯ ಮಕ್ಕಳನ್ನು ಅಂಕಪಟ್ಟಿಯಿಂದಲೇ ಅಳೆಯುತ್ತಿದ್ದೇವೆ. ಗಣಿತದಲ್ಲಿ ಹಿಂದುಳಿದ ಹುಡುಗ ಹಿತ್ತಿಲ ಹಕ್ಕಿಗಳನ್ನೆಲ್ಲ ದನಿಯಿಂದಲೇ ಗುರುತಿಸಬಲ್ಲನಾದರೆ, ಅದನ್ನು ವಿದ್ಯೆಯೆಂದು ಎಷ್ಟು ಮಂದಿ ತಂದೆತಾಯಿಗಳು ಒಪ್ಪುತ್ತಾರೆ?

ಹಾರುವ ಓತಿ ಕಲ್ಪನೆಯ ಪ್ರಾಣಿಯಲ್ಲ. ಪಶ್ಚಿಮಘಟ್ಟಗಳಲ್ಲಿ ಇಂದಿಗೂ ಅದು ಪಕ್ಕೆಲುಬಿನ ಆಧಾರವಿರುವ ಚರ್ಮವನ್ನು ಬಿಡಿಸಿ ಮರದಿಂದ ಮರಕ್ಕೆ ತೇಲುತ್ತದೆ. ಕಾದಂಬರಿಯ ಕೊನೆಯಲ್ಲಿ ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಎಲ್ಲರೂ ನೋಡುತ್ತಿರುವಂತೆಯೇ ಆಳವಾದ ಕಣಿವೆಯತ್ತ ತೇಲಿಹೋಗುತ್ತದೆ. ಅದನ್ನು ಸೆರೆಹಿಡಿದಿದ್ದರೆ ಇದು ಬೇಟೆಯ ಕಥೆಯಾಗಿ ಮುಗಿಯುತ್ತಿತ್ತು. ಹಿಡಿಯ ಹೊರಟವರು ಬೆರಗಾಗಿ ನಿಂತುದರಿಂದ, ಸೃಷ್ಟಿಯ ಎದುರು ಮನುಷ್ಯನ ಸ್ಥಾನವೇನೆಂಬ ಪ್ರಶ್ನೆ ಓದುಗನ ಮನದಲ್ಲಿ ಉಳಿಯುತ್ತದೆ.

ಈ ಬೇಸಿಗೆಯ ರಜೆಯಲ್ಲಿ ಪ್ರಸಾದವಾದ ಬಳಿಕ ದಿನಕ್ಕೊಂದು ಅಧ್ಯಾಯದಂತೆ ಮನೆಮಂದಿಯೆಲ್ಲ ಕುಳಿತು ಇದನ್ನು ಓದಿರಿ. ಗಟ್ಟಿಯಾಗಿ ಓದುವ ಸರದಿ ಮಕ್ಕಳದಾಗಿರಲಿ.